ಬ್ಯಾರಿ ಮನೆಯ ಹುಡುಗಿಯ ಗ್ರಾಫಿಕ್ ಕಾದಂಬರಿ: ಮೊದಲ ಟಿಪ್ಪಣಿಯಿಂದ ಅಚ್ಚಿನವರೆಗೆ

ಹದಿಹರೆಯದ ಮುಸ್ಲಿಂ ಹುಡುಗಿ ತಾನು ಯಾರೆಂದು ಕಂಡುಕೊಳ್ಳುವ ಕಥೆಯನ್ನು ಚಿತ್ರದಲ್ಲಿ ಹೇಳಬೇಕೆಂದು ಕುಳಿತವರು ಸಾಮಾನ್ಯವಾಗಿ ಮೊದಲು ಬರೆಯುವುದು ಹಿಜಾಬ್ ತೊಟ್ಟ ಒಂದು ಮುಖವನ್ನು. ಅದನ್ನು ಒಂದು ತಿಂಗಳು ಮುಂದಕ್ಕೆ ಹಾಕಿ. ಮೊದಲು ಬೇಕಾದದ್ದು ಮನೆಯ ವಿಳಾಸ. ಮಂಗಳೂರಿನ ಪಕ್ಕದ ಉಳ್ಳಾಲದಲ್ಲಿ ಬ್ಯಾರಿ ಭಾಷೆ ಆಡುವ ಬ್ಯಾರಿಗಳ ಮನೆ, ಭಟ್ಕಳದ ನವಾಯತ ಮನೆ, ದಖನಿ ಮಾತಾಡುವ ಕಲಬುರಗಿಯ ಮನೆ, ಕನ್ನಡವನ್ನೇ ಮನೆಮಾತಾಗಿ ಆಡುವ ಉತ್ತರ ಕರ್ನಾಟಕದ ನದಾಫರ ಮನೆ: ಈ ನಾಲ್ಕರಲ್ಲಿ ತಾಯಿಯನ್ನು ಕರೆಯುವ ಬಗೆ, ಹಬ್ಬದ ಅಡುಗೆ ಬೇರೆ ಬೇರೆ, ನಮಾಜಿನಲ್ಲಿ ಕೈ ಕಟ್ಟುವ ಜಾಗವೂ ಎಲ್ಲ ಕಡೆ ಒಂದೇ ಅಲ್ಲ. ವಿಳಾಸವಿಲ್ಲದ ಹುಡುಗಿ ಪುಟದ ಮೇಲೆ ಬರೀ ಬಟ್ಟೆಯಾಗಿ ಉಳಿದುಬಿಡುತ್ತಾಳೆ.

ಇಲ್ಲಿ ಉದ್ದಕ್ಕೂ ಒಂದೇ ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಹೆಸರು ಸಫಾ, ಊರು ಉಳ್ಳಾಲ, ವಯಸ್ಸು 15, ಹತ್ತನೇ ತರಗತಿ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಪಕ್ಕದ ಮನೆಯವರೊಂದಿಗೆ ತುಳು, ಬೆಳಿಗ್ಗೆ ಮದ್ರಸದಲ್ಲಿ ಅರಬಿ. ಪುಸ್ತಕ 128 ಪುಟ, ಕಪ್ಪು-ಬಿಳುಪು.

ಅವಳಿಗೆ ಏನು ಬೇಕು

"ತನ್ನನ್ನು ಕಂಡುಕೊಳ್ಳುವುದು" ಎಂಬುದನ್ನು ಚಿತ್ರಿಸಲು ಬರುವುದಿಲ್ಲ. ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತು, ಅದನ್ನು ಪಡೆಯಲು ಒಂದು ತಡೆ, ಕೊನೆಗೆ ಅವಳೇ ತೆಗೆದುಕೊಳ್ಳುವ ಒಂದು ತೀರ್ಮಾನ, ಈ ಮೂರನ್ನು ಮೂರು ಸಾಲಿನಲ್ಲಿ ಬರೆದಿಡಿ. ಸಫಾಳಿಗೆ ಬೇಕಾದದ್ದು ಅಜ್ಜಿ ಹೇಳುವ ಬ್ಯಾರಿ ಜೋಗುಳಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ತಡೆ ಎರಡು: ಅಜ್ಜಿಗೆ ಮರೆವು ಹತ್ತುತ್ತಿದೆ, ಬ್ಯಾರಿ ಆಡುವ ಮಾತು, ಬರೆಯುವ ಭಾಷೆಯಲ್ಲ ಎಂದು ಮನೆಯವರೂ ನಂಬಿದ್ದಾರೆ, ಅವಳೂ ನಂಬಿದ್ದಾಳೆ. ಬ್ಯಾರಿಯನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತ ಬಂದಿದ್ದಾರೆ, 2009ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿಯೂ ಸ್ಥಾಪನೆಯಾಗಿದೆ. ಇದು ಯಾವುದೂ ಅವಳಿಗೆ ಮೊದಲ ಅಧ್ಯಾಯದಲ್ಲಿ ಗೊತ್ತಿಲ್ಲ. ಕೊನೆಯಲ್ಲಿ ಆ ಪುಟಗಳನ್ನು ಶಾಲೆಯಲ್ಲಿ ತನ್ನ ಹೆಸರಿನಿಂದ ಓದಲು ಅವಳು ಎದ್ದು ನಿಲ್ಲುತ್ತಾಳೋ ಇಲ್ಲವೋ, ಅದೇ ತೀರ್ಮಾನ.

ಕಥೆಯ ತೀರ್ಮಾನ ಹಿಜಾಬ್ ತೊಡುವುದು ಅಥವಾ ತೆಗೆಯುವುದಷ್ಟೇ ಆಗಿದ್ದರೆ ಎಚ್ಚರಿಕೆ ಇರಲಿ. ಆಗ ಓದುಗ ಎರಡನೇ ಪುಟದಲ್ಲೇ ಯಾವುದೋ ಒಂದು ಪಕ್ಷ ಹಿಡಿದು ಕೂರುತ್ತಾನೆ, ಉಳಿದ ಪುಟಗಳಲ್ಲಿ ತನ್ನ ಅಭಿಪ್ರಾಯಕ್ಕೆ ಸಾಕ್ಷಿ ಹುಡುಕುತ್ತಾನೆ. ಹುಡುಗಿ ಮರೆಯಾಗುತ್ತಾಳೆ. ತಲೆಯ ಬಟ್ಟೆ ಅವಳ ದಿನದ ಭಾಗವಾಗಿ ಬರಲಿ. ಕಥೆಯ ಮೊಳೆ ಬೇರೆಡೆ ಇರಲಿ.

ಕಾಲವನ್ನು ದಿನಾಂಕ ಸಮೇತ ಕಟ್ಟಿ

ಹಿಜ್ರಿ ವರ್ಷ ಸೌರ ವರ್ಷಕ್ಕಿಂತ 10-11 ದಿನ ಚಿಕ್ಕದು. ಹಾಗಾಗಿ ರಂಜಾನ್ ಪ್ರತಿ ವರ್ಷ ಹಿಂದಕ್ಕೆ ಸರಿಯುತ್ತದೆ. ವರ್ಷ ಗೊತ್ತುಮಾಡದೆ "ಮಳೆಗಾಲದ ರಂಜಾನ್" ಎಂದು ಬರೆದವರ ಪುಸ್ತಕ ಅಲ್ಲೇ ಸಿಕ್ಕಿಬೀಳುತ್ತದೆ. ಸಫಾಳ ಕಥೆಯನ್ನು 2024ರ ಜೂನ್‌ನಿಂದ 2025ರ ಮೇವರೆಗೆ ಇಡೋಣ. 2025ರಲ್ಲಿ ಇಲ್ಲಿ ಉಪವಾಸ ಶುರುವಾದದ್ದು ಮಾರ್ಚ್ 2ಕ್ಕೆ, ಹಬ್ಬ ಮಾರ್ಚ್ 31ಕ್ಕೆ. ಎಸ್ಸೆಸ್ಸೆಲ್ಸಿ ಪರೀಕ್ಷೆ-1 ನಡೆದದ್ದು ಮಾರ್ಚ್ 21ರಿಂದ ಏಪ್ರಿಲ್ 4ರವರೆಗೆ. ಅಂದರೆ ಉಪವಾಸದಲ್ಲೇ ಪರೀಕ್ಷೆ, ಹಬ್ಬದ ಬಟ್ಟೆ ಮಡಿಸಿಟ್ಟು ಮತ್ತೆ ಪರೀಕ್ಷೆ. ಫಲಿತಾಂಶ ಮೇ 2ಕ್ಕೆ. ಇಷ್ಟು ದಿನಾಂಕ ಸಾಕು, ಕೊನೆಯ ಎರಡು ಅಧ್ಯಾಯಗಳ ಒತ್ತಡ ತಾನಾಗಿ ಹುಟ್ಟುತ್ತದೆ. ಪರೀಕ್ಷಾ ಕೊಠಡಿಯಲ್ಲಿ ಎಲ್ಲರ ಡೆಸ್ಕಿನ ಮೇಲೆ ನೀರಿನ ಬಾಟಲಿ ಬರೆದು ಅವಳ ಡೆಸ್ಕನ್ನು ಖಾಲಿ ಬಿಡಿ. ಮಾತು ಬೇಡ.

ಇನ್ನೊಂದು ಸೂಕ್ಷ್ಮ. ಮುಟ್ಟಿನ ದಿನಗಳಲ್ಲಿ ಹುಡುಗಿ ಉಪವಾಸ ಹಿಡಿಯುವುದಿಲ್ಲ, ನಮಾಜು ಮಾಡುವುದಿಲ್ಲ. ಬಿಟ್ಟ ಉಪವಾಸಗಳನ್ನು ರಂಜಾನಿನ ನಂತರ ತೀರಿಸಬೇಕು, ಬಿಟ್ಟ ನಮಾಜನ್ನು ತೀರಿಸಬೇಕಿಲ್ಲ. ಆದರೂ ಅಣ್ಣ, ಅಪ್ಪನ ಎದುರು ತಿನ್ನಲು ಸಂಕೋಚ, ಅಡುಗೆಮನೆಯ ಬಾಗಿಲ ಹಿಂದೆ ನಿಂತು ತಣ್ಣನೆಯ ಪತ್ತಿರ್ (ಅಕ್ಕಿ ರೊಟ್ಟಿ) ಮುರಿದು ಬಾಯಿಗಿಡುವ ಅವಸರ. ತಿಂಗಳಿಡೀ ಒಂದೇ ಸಮನೆ ಉಪವಾಸ ಮಾಡುವ 15 ವರ್ಷದ ಹುಡುಗಿಯನ್ನು ಬರೆದರೆ ಹೆಣ್ಣು ಓದುಗರಿಗೆ ತಕ್ಷಣ ಗೊತ್ತಾಗುತ್ತದೆ.

ಕಥೆಯನ್ನು 2022ರ ಕರಾವಳಿಯ ಪಿಯು ಕಾಲೇಜಿನಲ್ಲಿ ಇಡುವವರು ಹಿಜಾಬ್ ವಿವಾದದ ಸರ್ಕಾರಿ ಆದೇಶ ಬಂದದ್ದು ಫೆಬ್ರವರಿ 5ಕ್ಕೆ, ಹೈಕೋರ್ಟ್ ತೀರ್ಪು ಮಾರ್ಚ್ 15ಕ್ಕೆ, ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು ಅಕ್ಟೋಬರ್ 13ಕ್ಕೆ ಎಂಬುದನ್ನು ಗೋಡೆಗೆ ಅಂಟಿಸಿಕೊಂಡು ಕೂರಬೇಕು. 2024ರಲ್ಲಿ 15 ತುಂಬಿದ ಸಫಾಗೆ ಆಗ 12-13. ಮನೆಯಲ್ಲಿ ಟಿವಿ ಹಚ್ಚಿಟ್ಟ ನೆನಪು ಅವಳಿಗಿರುತ್ತದೆ. ಅದಕ್ಕೆ ಒಂದು ಚೌಕಟ್ಟು (ಪುಟದೊಳಗಿನ ಒಂದು ಚಿತ್ರ) ಕೊಡಿ, ಸಾಕು.

ಮುಖ, ತಲೆ, ಬಟ್ಟೆ

ಚಿತ್ರಕಾರರು ಪಾತ್ರಗಳನ್ನು ಬೇರ್ಪಡಿಸುವುದು ಕೂದಲಿನಿಂದ. ಶಾಲೆಯ ದೃಶ್ಯದಲ್ಲಿ ನಾಲ್ವರು ಗೆಳತಿಯರಿಗೂ ಸ್ಕಾರ್ಫ್ ಇದ್ದರೆ ಆ ದಾರಿ ಮುಚ್ಚಿತು. ಆದ್ದರಿಂದ ಹುಬ್ಬು, ಮೂಗು, ಗಲ್ಲ, ಕನ್ನಡಕ, ಎತ್ತರ ಇವುಗಳಲ್ಲಿ ಕನಿಷ್ಠ ಮೂರು ಪ್ರತಿ ಪಾತ್ರಕ್ಕೂ ಬೇರೆಯಾಗಿರಲಿ. ಪರೀಕ್ಷೆ ಸುಲಭ: ನಾಲ್ಕೂ ಮುಖಗಳನ್ನು 2 ಸೆಂ.ಮೀ. ಎತ್ತರಕ್ಕೆ ಇಳಿಸಿ, ಹೆಸರು ಬರೆಯದೆ, ಕಥೆ ಗೊತ್ತಿಲ್ಲದವರಿಗೆ ತೋರಿಸಿ. ಯಾರು ಯಾರೆಂದು ಅವರು ಗುರುತಿಸಲು ತಡವರಿಸಿದರೆ ಶಾಯಿ ಹಾಕುವ ಹೊತ್ತು ಇನ್ನೂ ಬಂದಿಲ್ಲ.

ಸ್ಕಾರ್ಫ್ ಬರೆಯುವಾಗ ಆಗುವ ತಪ್ಪು, ಅದನ್ನು ತಲೆಬುರುಡೆಗೆ ಅಂಟಿಸಿದಂತೆ ಎಳೆಯುವುದು. ಒಳಗೆ ಕೂದಲಿದೆ, ಹಿಂದೆ ತುರುಬಿದೆ. ಮೊದಲು ತುರುಬು ಸಮೇತ ಇಡೀ ತಲೆಯನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಅದರ ಮೇಲೆ ಬಟ್ಟೆಯ ಅಂಚು ಹಣೆಯ ಮೇಲಿಂದ ಕಿವಿಯ ಮುಂದಾಗಿ ಗಲ್ಲದ ಕೆಳಗೆ ಬರಲಿ. ಪಿನ್ ಚುಚ್ಚಿದ ಬಿಂದುವನ್ನು ಗುರುತಿಸಿ. ನೆರಿಗೆಗಳೆಲ್ಲ ಅಲ್ಲಿಂದಲೇ ಹೊರಡುತ್ತವೆ. ಮೂರೋ ನಾಲ್ಕೋ ಗೆರೆ ಸಾಕು, ಹತ್ತಾದರೆ ವಯಸ್ಸಾದವಳಂತೆ ಕಾಣುತ್ತಾಳೆ. ಕತ್ತು ತಿರುಗಿದಾಗ ನೆರಿಗೆ ವಿರುದ್ಧ ದಿಕ್ಕಿನ ಭುಜದ ಕಡೆಗೆ ಬಿಗಿಯುತ್ತದೆ.

ಇದಕ್ಕಿಂತ ದೊಡ್ಡದು, ಯಾವಾಗ ತಲೆಯ ಮೇಲೆ ಬಟ್ಟೆ ಇರುತ್ತದೆ, ಯಾವಾಗ ಇರುವುದಿಲ್ಲ ಎಂಬುದು. ಅದನ್ನು ಗೊತ್ತುಮಾಡುವುದು ಮನೆಯೋ ಬೀದಿಯೋ ಎಂಬುದಲ್ಲ, ಕೋಣೆಯಲ್ಲಿ ಯಾರಿದ್ದಾರೆ ಎಂಬುದು. ಅಪ್ಪ, ಅಜ್ಜ, ಸ್ವಂತ ಅಣ್ಣತಮ್ಮ, ಸೋದರಮಾವ, ಚಿಕ್ಕಪ್ಪನ ಎದುರು ಬೇಕಿಲ್ಲ. ಚಿಕ್ಕಪ್ಪನ ಮಗ, ಮಾವನ ಮಗ ಬಂದರೆ ಪಾಲಿಸುವ ಮನೆಗಳಲ್ಲಿ ಶಾಲು ತಲೆಗೇರುತ್ತದೆ. ಹೆಂಗಸರಷ್ಟೇ ಇದ್ದರೆ ಜಡೆ ಬಿಚ್ಚಿ ಎಣ್ಣೆ ಹಚ್ಚಿಸಿಕೊಳ್ಳುತ್ತಾಳೆ. ಪ್ರತಿ ದೃಶ್ಯಕ್ಕೂ ಸ್ಕ್ರಿಪ್ಟಿನ ಅಂಚಿನಲ್ಲಿ "ಕೋಣೆಯಲ್ಲಿ ಯಾರು?" ಎಂದು ಬರೆದುಕೊಳ್ಳಿ. ಹಾಸಿಗೆಯಲ್ಲಿ ಮಲಗಿ ನಿದ್ದೆ ಹೋದಾಗಲೂ ಪಿನ್ ಹಾಕಿದ ಹಿಜಾಬ್ ಬರೆಯುವುದು ಈ ಬಗೆಯ ಪುಸ್ತಕಗಳಲ್ಲಿ ಅತಿ ಸುಲಭವಾಗಿ ನುಸುಳುವ ತಪ್ಪು. ಹಾಗೆಯೇ ಎಲ್ಲರ ಮನೆಯಲ್ಲೂ ಒಂದೇ ಕಟ್ಟುನಿಟ್ಟು ಇರುವುದಿಲ್ಲ. ಸಫಾಳ ಮನೆಯ ನಿಯಮ ಏನು, ಅವಳ ಗೆಳತಿಯ ಮನೆಯದು ಏನು ಎಂದು ಮೊದಲೇ ಗೊತ್ತುಮಾಡಿ, ಪುಸ್ತಕ ಮುಗಿಯುವವರೆಗೆ ಅದನ್ನು ಬದಲಿಸಬೇಡಿ.

ನಮಾಜು ಬರೆಯುವಾಗ

ಕರಾವಳಿಯ ಬ್ಯಾರಿಗಳು, ನವಾಯತರು ಶಾಫಿ ಪಂಥದವರು. ಒಳನಾಡಿನ ಬಹುಪಾಲು ಮುಸ್ಲಿಮರು ಹನಫಿಗಳು. ವಿಡಿಯೊ ನೋಡಿ ಚಿತ್ರಿಸುವವರು ಇಲ್ಲಿ ಎಡವುತ್ತಾರೆ. ಶಾಫಿ ಕ್ರಮದಲ್ಲಿ ಕೈ ಕಟ್ಟುವುದು ಎದೆಯ ಕೆಳಗೆ, ಹೊಕ್ಕುಳಿನ ಮೇಲೆ. ಬಾಗುವಾಗಲೂ ಎದ್ದು ನಿಲ್ಲುವಾಗಲೂ ಕೈಗಳು ಮತ್ತೆ ಭುಜದ ಮಟ್ಟಕ್ಕೆ ಏಳುತ್ತವೆ. ಹನಫಿ ಕ್ರಮದಲ್ಲಿ ಕೈ ಏಳುವುದು ಆರಂಭದಲ್ಲಿ ಮಾತ್ರ, ಹೆಂಗಸರು ಕೈ ಕಟ್ಟುವುದು ಎದೆಯ ಮೇಲೆ. ಕುಳಿತಾಗ ಬಲಗೈ ತೋರುಬೆರಳನ್ನು ಶಾಫಿಗಳು ಎತ್ತಿದ ಮೇಲೆ ಕೊನೆಯವರೆಗೂ ಹಾಗೇ ಹಿಡಿಯುತ್ತಾರೆ, ಹನಫಿಗಳು ಎತ್ತಿ ಇಳಿಸುತ್ತಾರೆ. ಮನೆಯಲ್ಲಿ ನಮಾಜಿಗೆಂದು ಮೇಲಿಂದ ಹಾಕಿಕೊಳ್ಳುವ ಸಡಿಲ ಕುಪ್ಪಾಯ ಕರಾವಳಿಯ ಮನೆಗಳಲ್ಲಿ ಬಾಗಿಲ ಹಿಂದಿನ ಮೊಳೆಗೆ ತೂಗುತ್ತಿರುತ್ತದೆ. ಅದನ್ನು ಬರೆದರೆ ಮನೆ ನಿಜವಾಗುತ್ತದೆ.

ಮಂಗಳೂರು-ಉಳ್ಳಾಲದಿಂದ ಕಿಬ್ಲಾ (ನಮಾಜಿಗೆ ಮುಖ ಮಾಡುವ ಮೆಕ್ಕಾದ ದಿಕ್ಕು) ಎಂದರೆ ಪಶ್ಚಿಮಕ್ಕೆ ಮುಖ ಮಾಡಿ ಸುಮಾರು 19 ಡಿಗ್ರಿ ಉತ್ತರಕ್ಕೆ ತಿರುಗುವುದು, ಅಂದರೆ ಹೆಚ್ಚುಕಡಿಮೆ ಸಮುದ್ರದತ್ತ. ಬೆಳಕನ್ನು ಇದೇ ನಿರ್ಧರಿಸುತ್ತದೆ. ಅಸರ್ (ಇಳಿಹೊತ್ತಿನ) ನಮಾಜಿನಲ್ಲಿ ಬಿಸಿಲು ಅವಳ ಮುಖಕ್ಕೆ ಬೀಳುತ್ತದೆ, ನೆರಳು ಬೆನ್ನ ಹಿಂದೆ ಚಾಚುತ್ತದೆ. ಬೆಳಗಾಗುವ ಮುಂಚಿನ ನಮಾಜಿನಲ್ಲಿ ಮೊದಲ ಬೆಳಕು ಬೆನ್ನ ಕಡೆಯಿಂದ. ಶಾಫಿ ಕ್ರಮದಲ್ಲಿ ಅಸರ್ ಶುರುವಾಗುವುದು, ನಡುಹಗಲಿನ ನೆರಳನ್ನು ಬಿಟ್ಟು, ವಸ್ತುವಿನ ನೆರಳು ಅದರ ಎತ್ತರದಷ್ಟೇ ಉದ್ದವಾದಾಗ, ಹನಫಿಯಲ್ಲಿ ಎರಡರಷ್ಟಾದಾಗ. ಅಂಗಳದ ಬಾವಿಕಟ್ಟೆಯ ನೆರಳನ್ನು ಈ ಲೆಕ್ಕದಲ್ಲಿ ಬರೆದರೆ ಗಡಿಯಾರ ತೋರಿಸುವ ಅಗತ್ಯವಿಲ್ಲ. ಆ ಬೆಳಗಿನ ನಮಾಜಿಗೆ ಕರಾವಳಿಯಲ್ಲಿ "ಸುಬಹಿ" ಎನ್ನುತ್ತಾರೆ, ಒಳನಾಡಿನಲ್ಲಿ "ಫಜರ್".

ಹುಡುಗಿಯನ್ನು ಮಸೀದಿಯೊಳಗಿನ ಸಾಲಿನಲ್ಲಿ ನಿಲ್ಲಿಸುವ ಮುನ್ನ ಆ ಮಸೀದಿ ಯಾವ ಜಮಾತಿನದು (ಪಂಗಡದ್ದು) ಎಂದು ತಿಳಿಯಿರಿ. ಸಲಫಿ ಮಸೀದಿಗಳಲ್ಲಿ ಹೆಂಗಸರಿಗೆ ಜಾಗವಿರುತ್ತದೆ. ಕರಾವಳಿಯ ಸಾಂಪ್ರದಾಯಿಕ ಸುನ್ನಿ ಜಮಾತುಗಳ ಹೆಂಗಸರು ಸಾಮಾನ್ಯವಾಗಿ ಮನೆಯಲ್ಲೇ ನಮಾಜು ಮಾಡುತ್ತಾರೆ.

ಕುರ್‌ಆನ್ ನೆಲದ ಮೇಲೆ ಬೇಡ. ರೆಹಾಲಿನ (ಓದಲು ಇಡುವ ಮಡಚು ಪೀಠ) ಮೇಲೋ ಕಪಾಟಿನ ಮೇಲಿನ ಅರೆಯಲ್ಲೋ ಇರಲಿ. ತೆರೆದ ಪುಟದಲ್ಲಿ ಅರಬಿಯಂತೆ ಕಾಣುವ ಗೀಚು ಹಾಕಬೇಡಿ, ಓದಬಲ್ಲವರಿಗೆ ಅದು ನೋವು ಕೊಡುತ್ತದೆ. ನಿಜವಾದ ಸಾಲು ಹಾಕಿದರೆ ಆ ಹಾಳೆ ನಾಳೆ ರದ್ದಿಗೆ ಹೋಗಿ ಪೊಟ್ಟಣವಾಗಬಹುದು ಎಂಬ ಚಿಂತೆ ಬೇರೆ. ಪುಟ ಕಾಣದ ಕೋನದಿಂದ ಬರೆಯುವುದೇ ಸರಿಯಾದ ದಾರಿ. ಅಜ್ಜಿ ಪ್ರವಾದಿಯವರ ಕಥೆ ಹೇಳುವ ದೃಶ್ಯವಿದ್ದರೆ ಚಿತ್ರ ಅಜ್ಜಿಯ ಮುಖದ ಮೇಲೆ, ಕೇಳುವವರ ಮೇಲೆ ಇರಲಿ. ಪ್ರವಾದಿಯವರನ್ನು ಚಿತ್ರಿಸುವುದಿಲ್ಲ, ನೆರಳಾಗಿಯೂ.

ಸ್ಕ್ರಿಪ್ಟು ಮತ್ತು ಡಮ್ಮಿ

128ರಲ್ಲಿ 8 ಪುಟ ಶೀರ್ಷಿಕೆ, ಹಕ್ಕು, ಅರ್ಪಣೆಗೆ. ಉಳಿದ 120 ಕಥೆಗೆ, 24ರಂತೆ ಐದು ಅಧ್ಯಾಯ. ಪುಟಕ್ಕೆ 4ರಿಂದ 6 ಚೌಕಟ್ಟು, ಅಧ್ಯಾಯಕ್ಕೆ ಒಂದು ಸಲವಾದರೂ ಇಡೀ ಪುಟದ ಒಂದೇ ಚಿತ್ರ. ಸ್ಕ್ರಿಪ್ಟಿನ ಒಂದು ತುಣುಕು ಹೀಗಿರಬಹುದು:

ಪುಟ 37. ಚೌಕಟ್ಟು 1: ರಾತ್ರಿ, ಅಡುಗೆಮನೆ. ಕೋಣೆಯಲ್ಲಿ ಅಜ್ಜಿ, ಸಫಾ ಮಾತ್ರ (ತಲೆ ತೆರೆದಿದೆ). ನೋಟ್‌ಬುಕ್ ತೆರೆದಿದೆ, ಪುಟ ಖಾಲಿ. ಚೌಕಟ್ಟು 2: ಅಜ್ಜಿಯ ಬಾಯಿ ಹತ್ತಿರದಿಂದ. ಹಾಡಿನ ಅರ್ಧ ಸಾಲು. ಚೌಕಟ್ಟು 3: ಅಜ್ಜಿ ನಿಲ್ಲಿಸಿದ್ದಾಳೆ. ಮಾತಿಲ್ಲ. ಚೌಕಟ್ಟು 4: ಪೆನ್ನಿನ ತುದಿ ಕಾಗದಕ್ಕೆ ತಾಗಿ ಶಾಯಿ ಹರಡುತ್ತಿದೆ.

ಬೆಸ ಪುಟ ಬಲಗಡೆಗೆ ಬರುತ್ತದೆ, ಅದು ಮುಗಿದ ಮೇಲೆ ಓದುಗ ಹಾಳೆ ಮಗುಚಬೇಕು. ಆದ್ದರಿಂದ ಪ್ರಶ್ನೆ 37ರ ಕೊನೆಯಲ್ಲಿ, ಉತ್ತರ 38ರಲ್ಲಿ. ಅಚ್ಚರಿಯನ್ನು 37ರಲ್ಲಿ ಇಟ್ಟರೆ 36 ಓದುವಾಗಲೇ ಕಣ್ಣು ಅದನ್ನು ಕದ್ದು ನೋಡಿರುತ್ತದೆ.

ಇಡೀ ಪುಸ್ತಕವನ್ನು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಪುಟಗಳಲ್ಲಿ ಗೀಚಿ, ಮಡಿಸಿ, ಪಿನ್ ಹೊಡೆದು ಡಮ್ಮಿ ಮಾಡಿ. ಈ ಹಂತದಲ್ಲೇ ಓದಿಸಬೇಕು. ಶಾಯಿ ಹಾಕಿದ ಮೇಲೆ ತಿದ್ದಲು ಮನಸ್ಸು ಬರುವುದಿಲ್ಲ. ಮೂವರು ಬೇಕು: ಅದೇ ಸಮುದಾಯದ 15-17ರ ಹುಡುಗಿ, ಅವಳ ತಾಯಿಯ ವಯಸ್ಸಿನವರು, ಆ ಬದುಕು ಏನೂ ಗೊತ್ತಿಲ್ಲದ ಒಬ್ಬರು. ಮೊದಲಿಬ್ಬರಿಗೆ "ಚೆನ್ನಾಗಿದೆಯಾ?" ಎಂದು ಕೇಳಬೇಡಿ. "ಎಲ್ಲಿ ಹೀಗೆ ಆಗುವುದಿಲ್ಲ?" ಎಂದು ಕೇಳಿ, ಉತ್ತರದ ಪುಟಸಂಖ್ಯೆ ಬರೆದುಕೊಳ್ಳಿ. ಮೂರನೆಯವರು ಎಲ್ಲಿ ಹಾಳೆ ಹಿಂದೆ ತಿರುವಿದರು ಎಂದು ಸುಮ್ಮನೆ ಗಮನಿಸಿ. ಈ ಓದಿಗೆ ಸಂಭಾವನೆ ಕೊಡಿ. ಅದು ಕೆಲಸ.

ಎಷ್ಟು ಭಾಷೆ, ಯಾವ ಬಲೂನು

ಬ್ಯಾರಿ ಮಾತನ್ನು ಮಲಯಾಳದಿಂದ ಊಹಿಸಿ ಬರೆಯುವುದು ದೊಡ್ಡ ತಪ್ಪು. ಮಲಯಾಳದ "ವ"ಕಾರ ಪದದ ಆರಂಭದಲ್ಲಿ ಇಲ್ಲಿ "ಬ" ಆಗುತ್ತದೆ, "ಳ" "ಲ" ಆಗುತ್ತದೆ. ಅಲ್ಲಿನ "ಪೆರುನ್ನಾಳ್" (ಹಬ್ಬ) ಇಲ್ಲಿ "ಪೆರ್ನಾಲ್". ಆಡುವವರಿಂದ ಕೇಳಿ, ಧ್ವನಿ ಮುದ್ರಿಸಿಕೊಂಡು, ಕೇಳಿದಂತೆಯೇ ಬರೆಯಿರಿ. ಮಾತಿನ ಬಲೂನಿನಲ್ಲಿ ನಾಲ್ಕು ಪದದವರೆಗಿನ ಬ್ಯಾರಿ ಮಾತು ಬ್ಯಾರಿಯಲ್ಲೇ ಇರಲಿ, ಅರ್ಥವನ್ನು ಚಿತ್ರ ಹೊರಲಿ. "ಉಮ್ಮಾ" (ತಾಯಿ), "ನೋಂಬು" (ಉಪವಾಸ) ಮುಂತಾದವಕ್ಕೆ ಅಡಿಟಿಪ್ಪಣಿ ಬೇಡ. ಉದ್ದದ ಬ್ಯಾರಿ ಮಾತು ಕನ್ನಡದಲ್ಲಿ ಬರಲಿ, ಆದರೆ ಬಲೂನಿನ ಮೂಲೆಗಳು ಚೌಕಾಗಿರಲಿ. ಶಾಲೆಯ ಕನ್ನಡಕ್ಕೆ ದುಂಡು ಬಲೂನು. ಐದಾರು ಪುಟಗಳಲ್ಲಿ ಓದುಗನಿಗೆ ಇದು ರೂಢಿಯಾಗುತ್ತದೆ. ಕೊನೆಯಲ್ಲಿ ಅವಳು ಶಾಲೆಯಲ್ಲಿ ನಿಂತು ಬ್ಯಾರಿ ಓದುವಾಗ ಚೌಕ ಬಲೂನು ಮೊದಲ ಬಾರಿಗೆ ತರಗತಿಯೊಳಗೆ ಬರುತ್ತದೆ. ಈ ಪುಸ್ತಕದಲ್ಲಿ ಚಿತ್ರವಷ್ಟೇ ಹೇಳಬಲ್ಲ ಮಾತು ಅದು. ಅದಕ್ಕಾಗಿ ಮೊದಲಿಂದಲೂ ನಿಯಮ ತಪ್ಪದೆ ಕಾಯಬೇಕು.

ಶಾಲೆಯ ಗೆಳತಿಯರ ಕನ್ನಡವೂ ಮಂಗಳೂರಿನದೇ ಆಗಿರಲಿ: "ಎಂತ ಮಾರಾಯ್ತಿ", "ನಾಳೆ ಹೋಗ್ಲಿಕ್ಕೆ ಉಂಟು". ಬೆಂಗಳೂರಿನ "ಕಣೇ" ಅವರ ಬಾಯಲ್ಲಿ ನಿಲ್ಲುವುದಿಲ್ಲ.

ಅಕ್ಷರ

ಕನ್ನಡದ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಣಿತ ಚಿಹ್ನೆ ಮೇಲೇರುತ್ತದೆ. ಇಂಗ್ಲಿಷ್ ಕಾಮಿಕ್ಸಿನ ಸಾಲಂತರ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಅಚ್ಚಿನಲ್ಲಿ 9 ಪಾಯಿಂಟ್ ಅಕ್ಷರಕ್ಕೆ 13 ಪಾಯಿಂಟ್ ಸಾಲಂತರ ಕೊಡಿ. ಒಂದು ಬಲೂನಿಗೆ 12 ಪದ, 4 ಸಾಲು ಮೀರಬೇಡಿ. ನಮ್ಮ ಪದಗಳು ಉದ್ದ, ನಡುವೆ ಒಡೆದರೆ ಓದು ಮುಗ್ಗರಿಸುತ್ತದೆ. ಹಾಗಾಗಿ ಮಾತಿರುವ ಸಾಲಿನಲ್ಲಿ ಪಕ್ಕಪಕ್ಕ ಎರಡು ಚೌಕಟ್ಟು ಸಾಕು, ಮೂರನ್ನು ಮೌನದ ಸಾಲಿಗೆ ಇಡಿ. ಮುಖ್ಯವಾಗಿ, ಪೆನ್ಸಿಲ್ ಹಂತದಲ್ಲೇ ಮಾತನ್ನು ಬರೆದು ನೋಡಿ. ಚಿತ್ರ ಮುಗಿಸಿ ಬಲೂನು ತೂರಿಸಿದರೆ ಅದು ಕೂರುವುದು ಯಾರದೋ ಕೈಯ ಮೇಲೆ.

ಕೈಬರಹವಾದರೆ ಮೂಲ ಹಾಳೆಯಲ್ಲಿ 7 ಮಿ.ಮೀ.ಗೆ ಒಂದು ಸಾಲು: ಮೇಲೆ 1.5, ನಡುವಿನ ಅಕ್ಷರಕ್ಕೆ 3, ಒತ್ತಿಗೆ 2.5. ಫಾಂಟ್ ಆದರೆ ಬಾಲೂ ತಮ್ಮ 2, ಅನೇಕ್ ಕನ್ನಡ ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ಕೈಬರಹದ ಛಾಯೆ ಬೇಕಿದ್ದ ಕಡೆ ಅಕಾಯಾ ಕನಡಕ. ಎಲ್ಲವನ್ನೂ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ಆಸ್ಕಿ ಫಾಂಟಿನ ಪಠ್ಯ ಫಾಂಟ್ ಬದಲಿಸಿದ ಕೂಡಲೇ ಚೂರಾಗುತ್ತದೆ. ಫೋಟೊಶಾಪ್, ಇನ್‌ಡಿಸೈನ್‌ಗಳಲ್ಲಿ ವರ್ಲ್ಡ್-ರೆಡಿ ಆಯ್ಕೆ ಹಾಕದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ಪಕ್ಕಕ್ಕೆ ಬಂದು ಕೂರುತ್ತದೆ. ಉಚಿತ ತಂತ್ರಾಂಶ ಬೇಕಿದ್ದರೆ ಬಲೂನಿಗೆ ಇಂಕ್‌ಸ್ಕೇಪ್, ಪುಟವಿನ್ಯಾಸಕ್ಕೆ ಸ್ಕ್ರೈಬಸ್ 1.6, ಅದರ ಹಳೆಯ 1.4 ಸರಣಿ ಕನ್ನಡಕ್ಕೆ ಆಗದು. "ಸ್ಕೂಲ್‌ಗೆ" ಎಂಬಲ್ಲಿ "ಲ್ಗೆ" ಕೂಡಿಕೊಳ್ಳದಂತೆ ನಡುವೆ ಶೂನ್ಯ ಅಗಲದ ಬೇರ್ಪಡಿಕೆ ಚಿಹ್ನೆ (ZWNJ) ಬೇಕು. ಶಾಲೆಯ ಮಾತಿನಲ್ಲಿ ಇಂಥ ಪದಗಳು ಪುಟಕ್ಕೆ ಹತ್ತು ಇರುತ್ತವೆ.

ಶಾಯಿಯಿಂದ ಅಚ್ಚಿಗೆ

ಕ್ರೌನ್ 1/4 ಆಕಾರ, ಕತ್ತರಿಸಿದ ಮೇಲೆ ಸುಮಾರು 184 × 241 ಮಿ.ಮೀ., ಈ ಕೆಲಸಕ್ಕೆ ಹೊಂದುತ್ತದೆ. ಕನ್ನಡ ಕಾದಂಬರಿಗಳ ಡೆಮಿ 1/8ರಲ್ಲಿ ಬಲೂನುಗಳು ಉಸಿರುಗಟ್ಟುತ್ತವೆ. ಮೂಲ ಚಿತ್ರವನ್ನು ಅಚ್ಚಿಗಿಂತ ದೊಡ್ಡದಾಗಿ ಬರೆಯಿರಿ: ಕತ್ತರಿಸುವಾಗ ಹೋಗಲೆಂದು ಸುತ್ತಲೂ 3 ಮಿ.ಮೀ. ಹೆಚ್ಚುವರಿ ಸೇರಿಸಿ ಒಂದೂವರೆ ಪಟ್ಟು ಮಾಡಿದರೆ 285 × 370 ಮಿ.ಮೀ., ಎ3 ಹಾಳೆಯಲ್ಲಿ ಸರಿಯಾಗಿ ಕೂರುತ್ತದೆ. ಒಳ ಅಂಚು 18, ಹೊರ ಅಂಚು 12 ಮಿ.ಮೀ. ಗೆರೆಚಿತ್ರವನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. 300ರಲ್ಲಿ ಮಾಡಿದ ಗೆರೆ ಅಚ್ಚಿನಲ್ಲಿ ಅಂಚು ಹರಿದಂತೆ ಕಾಣುತ್ತದೆ. ಕಪ್ಪು ಎಂದರೆ ಕಪ್ಪು ಶಾಯಿ ಮಾತ್ರ. ನಾಲ್ಕು ಬಣ್ಣ ಬೆರೆತ ಕಪ್ಪಿನಲ್ಲಿ ಅಕ್ಷರದ ಸುತ್ತ ಛಾಯೆ ಏಳುತ್ತದೆ.

ಬುರ್ಖಾ, ರಾತ್ರಿ, ಮಳೆ ಎಂದು ತುಂಬು ಕಪ್ಪು ಹೆಚ್ಚು ಬರುವ ಪುಸ್ತಕವಿದು. 70 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಕಾಗದದಲ್ಲಿ ಹಿಂದಿನ ಪುಟ ಇಣುಕುತ್ತದೆ. 100 ಜಿಎಸ್‌ಎಂ ಮ್ಯಾಪ್‌ಲಿಥೊ ಹಾಕಿಸಿ, ಮುಖಪುಟಕ್ಕೆ 300 ಜಿಎಸ್‌ಎಂ ಆರ್ಟ್ ಕಾರ್ಡ್. ಬುರ್ಖಾವನ್ನು ಪೂರ್ತಿ ಕಪ್ಪು ತುಂಬಿದರೆ ಮೈಯ ಚಲನೆ ಸತ್ತುಹೋಗುತ್ತದೆ. ಮೊಣಕೈ, ಮೊಣಕಾಲು, ತೋಳಿನ ಅಂಚಿನಲ್ಲಿ ತೆಳುವಾದ ಬಿಳಿ ಗೆರೆ ಉಳಿಸಿ. 128 ಪುಟ ಎಂದರೆ 16 ಪುಟಗಳ ಎಂಟು ಫಾರಂ (ಒಟ್ಟಿಗೆ ಅಚ್ಚಾಗಿ ಮಡಿಸುವ ಪುಟಗಳ ಕಂತೆ). ಕೊನೆಗಳಿಗೆಯಲ್ಲಿ ಎರಡು ಪುಟ ಸೇರಿಸಿದರೆ ಹೊಸ ಫಾರಂ ತೆರೆಯಬೇಕಾಗುತ್ತದೆ. ಐಎಸ್‌ಬಿಎನ್‌ಗೆ (ಪುಸ್ತಕದ ಗುರುತು ಸಂಖ್ಯೆ) ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆಯಲ್ಲಿ ಅರ್ಜಿ ಹಾಕಬೇಕು, ಶುಲ್ಕವಿಲ್ಲ. ಮುಖಪುಟ ಅಂತಿಮಗೊಳಿಸುವ ಮೊದಲೇ ಅರ್ಜಿ ಹೋಗಲಿ.

ಪ್ರೂಫ್ ಬಂದಾಗ ಕಂಪ್ಯೂಟರಿನಲ್ಲಿ ನೋಡಿ ಒಪ್ಪಿಗೆ ಕೊಡಬೇಡಿ. ಕಾಗದದ ಮೇಲೆ ತೆಗೆಸಿ, ಒಂದು ಸಲ ಚಿತ್ರ ನೋಡದೆ ಒತ್ತಕ್ಷರ ಮಾತ್ರ ಓದಿ, ಇನ್ನೊಂದು ಸಲ ಮಾತು ಓದದೆ ತಲೆ ಮತ್ತು ಕೈ ಮಾತ್ರ ನೋಡಿ: ಕೋಣೆಯಲ್ಲಿ ಯಾರು, ಶಾಲು ಎಲ್ಲಿ, ಕೈ ಕಟ್ಟಿದ್ದು ಎಲ್ಲಿ, ನೆರಳು ಯಾವ ಕಡೆ. ಮೂರನೇ ಸಲ ಬಲೂನಿನ ಮೂಲೆಗಳು. ಕೊನೆಯ ಅಧ್ಯಾಯಕ್ಕೆ ಮೊದಲು ತರಗತಿಯೊಳಗೆ ಒಂದೇ ಒಂದು ಚೌಕ ಬಲೂನು ಕಂಡರೂ ಆ ಪುಟ ವಾಪಸ್ ಮೇಜಿಗೆ ಬರಬೇಕು.